ನಮ್ಮ ವಾರ್ಡಿನ ಅಕ್ಕನಿಗೆ ಇನ್ನು ಕೆಲವೇ ತಿಂಗಳು. ನಾವೇನು ಮಾಡಬಹುದು?

ನೈಟ್ ಡ್ಯೂಟಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದಿಕೊಂಡು ಸುಮ್ನೆ ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕು ಅನಿಸಿತು.

ನಾನು ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ ನರ್ಸ್. ನಮ್ಮ ವಾರ್ಡಿನಲ್ಲೇ ಬೆಳ್ತಂಗಡಿ ಕಡೆಯ ಒಬ್ಬ ಅಕ್ಕ ಇದ್ದಾರೆ. ಹೆಸರು ಹಾಕುವುದಿಲ್ಲ, ಅವರೇ ಬೇಡ ಅಂದಿದ್ದಾರೆ. ನಾನು ಇಲ್ಲಿಗೆ ಬಂದಾಗ ಯಾರ ಪರಿಚಯವೂ ಇರಲಿಲ್ಲ. ಇಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಪಾಸಾಗಬೇಕಾದ ಆಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆಗೆ ಮುಂಚೆ ಮೂರು ಭಾನುವಾರ ತಮ್ಮ ಮನೆಗೆ ಕರೆಸಿಕೊಂಡರು. ಸೋಫಾದ ದಿಂಬನ್ನು ನೆಲದ ಮೇಲಿಟ್ಟು ಸಿಪಿಆರ್ ಅಭ್ಯಾಸ ಮಾಡಿಸಿದರು. "ಇನ್ನೂ ಜೋರಾಗಿ ಒತ್ತು ಮಾರಾಯ್ತಿ" ಅನ್ನುತ್ತಾ ಪಕ್ಕದಲ್ಲೇ ಮಂಡಿಯೂರಿ ಕೂತು ಎಣಿಸುತ್ತಿದ್ದರು. ನಾನು ಪಾಸಾದ ದಿನ ನನಗಿಂತ ಜಾಸ್ತಿ ಖುಷಿಪಟ್ಟವರು ಅವರು.

ಅವರಿಗೆ 41 ವರ್ಷ. ಕೆಲವು ತಿಂಗಳಿಂದ ಬೆನ್ನು ನೋವು ಅನ್ನುತ್ತಿದ್ದರು. ಪೇಷೆಂಟ್‌ಗಳನ್ನು ಎತ್ತಿ ಮಲಗಿಸುವ ಕೆಲಸ, ನಮಗೆಲ್ಲ ಬೆನ್ನು ನೋವು ಇದ್ದದ್ದೇ ಅಲ್ವಾ. ಆಮೇಲೆ ತೂಕ ಇಳಿಯಿತು. ಇದ್ದಕ್ಕಿದ್ದಂತೆ ಶುಗರ್ ಬಂತು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಪ್ಯಾಂಕ್ರಿಯಾಸ್‌ನಲ್ಲಿ ಶುರುವಾದ ಕ್ಯಾನ್ಸರ್ ಲಿವರ್‌ಗೂ ಹಬ್ಬಿತ್ತು. ಆಪರೇಷನ್ ಮಾಡುವ ಹಾಗಿಲ್ಲ. ಕೀಮೋದಿಂದ ಸ್ವಲ್ಪ ಸಮಯ ಸಿಗಬಹುದು, ಆದರೆ ಇದು ತಿಂಗಳುಗಳ ಲೆಕ್ಕ ಅಂತ ಡಾಕ್ಟರ್ ಹೇಳಿದ್ದಾರೆ.

ಭಾವ ವೇರ್‌ಹೌಸ್‌ನಲ್ಲಿ ರಾತ್ರಿ ಪಾಳಿ. ಮಗನಿಗೆ 12, ಮಗಳಿಗೆ 7. ಅಕ್ಕ ಇಲ್ಲಿಗೆ ಬಂದು ನಾಲ್ಕೂವರೆ ವರ್ಷ. ಐದು ತುಂಬಿದ್ದರೆ ಇಲ್ಲೇ ಕಾಯಂ ಉಳಿಯಲು ಅರ್ಜಿ ಹಾಕಬಹುದಿತ್ತು. ಊರಲ್ಲಿ ಅಮ್ಮ ಒಬ್ಬರೇ.

ಈಗ ನನಗೆ ಸಂಕಟ ಆಗಿರುವುದು ಬೇರೆ ವಿಷಯಕ್ಕೆ. ಯಾರೋ ನೋಡಲು ಬಂದವರು ಅವರು ಹಾಸಿಗೆಯಲ್ಲಿ ಮಲಗಿದ್ದ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. "ದಯವಿಟ್ಟು ಸಹಾಯ ಮಾಡಿ" ಅಂತ ಅದು ಎಲ್ಲೆಲ್ಲೋ ಓಡಾಡುತ್ತಿದೆ. ಊರಲ್ಲಿ ಅವರ ಅಮ್ಮನಿಗೆ ಮಗಳ ಕಾಯಿಲೆ ಗೊತ್ತಾಗಿದ್ದು ಪಕ್ಕದ ಮನೆಯವರ ಫೋನಿನಿಂದ. ಸ್ಕ್ಯಾನ್ ರಿಪೋರ್ಟ್ ಓದಿದಾಗ ಅಳದಿದ್ದ ಅಕ್ಕ ಅವತ್ತು ತುಂಬಾ ಅತ್ತರು.

ಸಹಾಯ ಮಾಡಬೇಕು ಅಂತ ಇಲ್ಲಿ ನಾವು ಹತ್ತು ಹನ್ನೆರಡು ಮನೆಯವರಿದ್ದೇವೆ. ಹೇಗೆ ಮಾಡಬೇಕು ಅಂತ ಗೊತ್ತಿಲ್ಲ. ಇಂಥದ್ದನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ಹಾಸನದ ಮಗಳು

ತಂಗಿ, ಓದಿ ಕೈ ನಡುಗಿತು. ನಾನೂ ಇದೇ ದೇಶದಲ್ಲಿ ನನ್ನ ಯಜಮಾನರನ್ನು ಕಳೆದುಕೊಂಡವಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಹದಿನೈದು ದಿನ ನಮ್ಮ ಮನೆ ತುಂಬ ಜನ. ಫ್ರಿಜ್ ತುಂಬ ಪಲಾವ್ ಡಬ್ಬಿ. ತಿನ್ನುವವರಿಲ್ಲದೆ ಎಸೆದಿದ್ದೇ ಜಾಸ್ತಿ. ಎರಡನೇ ತಿಂಗಳಿಗೆ ಫೋನೂ ಇಲ್ಲ. ನನಗೆ ನಿಜವಾಗಿ ಜನ ಬೇಕಾಗಿದ್ದು ಆ ಎರಡನೇ ತಿಂಗಳಿನಿಂದ. ಬಂದವರು ಯಾರೂ ಕೆಟ್ಟವರಲ್ಲ. ಎಲ್ಲರೂ ಒಟ್ಟಿಗೆ ಬಂದರು, ಒಟ್ಟಿಗೆ ಸುಸ್ತಾದರು, ಅಷ್ಟೇ.

ಹಾಗಾಗಿ ಮೊದಲು ಒಬ್ಬರನ್ನು ಗೊತ್ತು ಮಾಡಿ. ಏನೇ ಇದ್ದರೂ ಅವರ ಮೂಲಕ ಹೋಗಲಿ. ಇಪ್ಪತ್ತು ಜನ ಗಂಡನಿಗೆ ಫೋನ್ ಮಾಡಿ "ಹೇಗಿದ್ದಾರೆ" ಅಂತ ಕೇಳಿದರೆ ಆತ ಇಪ್ಪತ್ತು ಸಲ ಅದೇ ಕಥೆ ಹೇಳಬೇಕು.

ಇನ್ನೊಂದು. "ಏನಾದರೂ ಬೇಕಿದ್ದರೆ ಹೇಳಿ" ಅನ್ನಬೇಡಿ. ಯಾರೂ ಹೇಳುವುದಿಲ್ಲ, ನಾನೂ ಒಂದು ದಿನವೂ ಹೇಳಲಿಲ್ಲ. "ಮಂಗಳವಾರ ಮೂರು ಗಂಟೆಗೆ ಪಾಪುವನ್ನು ಸ್ಕೂಲಿಂದ ನಾನು ಕರೆತರುತ್ತೇನೆ, ಆಗಬಹುದಾ?" ಅಂತ ಕೇಳಿ. ಅದಕ್ಕೆ ಹೂಂ ಅನ್ನುವುದು ಸುಲಭ.

ಯೂನಿಯನ್ ರೆಪ್

ನಾನು ಎನ್‌ಎಚ್‌ಎಸ್‌ನಲ್ಲೇ, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಲ್ಲೇ ಕೆಲಸ ಮಾಡುತ್ತೇನೆ, ಯೂನಿಯನ್ ಪ್ರತಿನಿಧಿ ಕೂಡ. ಭಾವನೆಯ ಮಾತು ಬೇರೆಯವರು ಬರೆಯುತ್ತಾರೆ. ನಾನು ಕಾಗದಪತ್ರದ ವಿಷಯ ಬರೆಯುತ್ತೇನೆ. ಇದು ತುರ್ತು.

ಮೊದಲನೆಯದು, ಅವರು ಕೆಲಸಕ್ಕೆ ರಾಜೀನಾಮೆ ಕೊಡಬಾರದು. "ಹೇಗೂ ಊರಿಗೆ ಹೋಗೋಣ" ಅಂತ ಗಾಬರಿಯಲ್ಲಿ ಒಂದು ಇಮೇಲ್ ಕಳಿಸಿಬಿಟ್ಟವರನ್ನು ನೋಡಿದ್ದೇನೆ. ಎನ್‌ಎಚ್‌ಎಸ್ ಪಿಂಚಣಿ ಯೋಜನೆಯಲ್ಲಿ ಇರುವವರು ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಮನೆಯವರಿಗೆ ಸುಮಾರು ಎರಡು ವರ್ಷದ ಸಂಬಳದಷ್ಟು ಹಣ ಒಟ್ಟಿಗೆ ಸಿಗುತ್ತದೆ. ಗಂಡ ಮಕ್ಕಳಿಗೆ ಪಿಂಚಣಿ ಬೇರೆ. ಕೆಲಸ ಬಿಟ್ಟರೆ ಈ ಲೆಕ್ಕವೇ ಬದಲಾಗುತ್ತದೆ. ಬದುಕಿರುವ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಅಂತ ಡಾಕ್ಟರ್ ಬರೆದುಕೊಟ್ಟರೆ, ಅನಾರೋಗ್ಯದ ನಿವೃತ್ತಿ ಪಡೆದು ಪಿಂಚಣಿಯನ್ನು ಇಡಿಗಂಟಾಗಿ ತೆಗೆದುಕೊಳ್ಳುವ ದಾರಿಯೂ ಇದೆ. ಯಾವುದು ಈ ಮನೆಗೆ ಒಳ್ಳೆಯದು ಅನ್ನುವುದನ್ನು ಅಂದಾಜಿನಲ್ಲಿ ತೀರ್ಮಾನಿಸಬೇಡಿ. ಎರಡೂ ಲೆಕ್ಕವನ್ನು ಬರಹದಲ್ಲಿ ತರಿಸಿಕೊಳ್ಳಿ.

ರಜೆಯ ವಿಷಯ. ಸೇವೆಯ ಐದನೇ ವರ್ಷದಲ್ಲಿ ಇರುವವರಿಗೆ 5 ತಿಂಗಳು ಪೂರ್ತಿ ಸಂಬಳ, ಆಮೇಲೆ 5 ತಿಂಗಳು ಅರ್ಧ ಸಂಬಳ. ಸದ್ಯಕ್ಕೆ ಮನೆ ಬಾಡಿಗೆ ನಿಲ್ಲುವುದಿಲ್ಲ ಅಂತ ಭಾವನಿಗೆ ಹೇಳಿ.

ವೀಸಾ ಬಗ್ಗೆ ಎಲ್ಲರಿಗೂ ಒಂದು ಭಯ ಇರುತ್ತದೆ. ನಾಲ್ಕು ವಾರಕ್ಕಿಂತ ಹೆಚ್ಚು ಸಂಬಳವಿಲ್ಲದ ರಜೆ ಹಾಕಿದರೆ ವೀಸಾಕ್ಕೆ ಆಧಾರವಾದ ಆಸ್ಪತ್ರೆಯ ಸ್ಪಾನ್ಸರ್‌ಶಿಪ್ ಹೋಗುತ್ತದೆ ಅನ್ನುವ ನಿಯಮ ಇರುವುದು ನಿಜ. ಆದರೆ ಕಾಯಿಲೆಯ ರಜೆಗೆ ಅದು ಅನ್ವಯಿಸುವುದಿಲ್ಲ. ಆ ಹೆದರಿಕೆಗೆ ಕೀಮೋ ಮಧ್ಯೆ ಡ್ಯೂಟಿಗೆ ಬಂದವರಿದ್ದಾರೆ. ಹಾಗೆ ಮಾಡಬೇಡಿ.

ಒಂದು ಎಚ್ಚರಿಕೆ. ಯಾರೋ ಒಳ್ಳೆ ಮನಸ್ಸಿನಿಂದ "ಪಿಐಪಿ ಭತ್ಯೆಗೆ ಅರ್ಜಿ ಹಾಕಿ" ಅನ್ನಬಹುದು. ಅದು ಕಾಯಿಲೆ, ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಹಣ. ಇಲ್ಲಿಯವರಿಗೆ ಅದು ಸರಿ. ನಮ್ಮ ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಅಂತ ಷರತ್ತು ಇದೆ, ಪಿಐಪಿ ಅದರೊಳಗೆ ಬರುತ್ತದೆ. ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದ್ದರ ಮೇಲೆ ಸಿಗುವ ನ್ಯೂ ಸ್ಟೈಲ್ ಇಎಸ್‌ಎ ಅನ್ನುವ ಕಾಯಿಲೆ ಭತ್ಯೆ ಅದರೊಳಗೆ ಬರುವುದಿಲ್ಲ. ಕಾಯಿಲೆ ರಜೆಯ ಸಂಬಳ ಮುಗಿದ ಮೇಲೆ ಅದನ್ನು ಕೇಳಬಹುದು. ಅರ್ಜಿ ಹಾಕುವ ಮುಂಚೆ ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಮ್ಯಾಕ್‌ಮಿಲನ್ ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿ, ವೀಸಾ ಯಾವುದು ಅಂತ ಮೊದಲೇ ಹೇಳಿ ಕೇಳಿ.

ನರ್ಸ್‌ಗಳ ಸಂಘವಾದ ಆರ್‌ಸಿಎನ್ ಸದಸ್ಯರಾಗಿದ್ದರೆ ಅವರಲ್ಲಿ ಇಮಿಗ್ರೇಷನ್ ಸಲಹೆಯೂ ಸಿಗುತ್ತದೆ. ಯೂನಿಸನ್ ಅನ್ನುವ ಇನ್ನೊಂದು ಯೂನಿಯನ್ ಆದರೆ ಅವರಿಗೂ ಸದಸ್ಯರ ಕಷ್ಟಕ್ಕೆ ಅಂತಲೇ ಒಂದು ನಿಧಿ ಇದೆ. ಭಾವ ಮಕ್ಕಳ ವೀಸಾ ಅಕ್ಕನ ವೀಸಾಕ್ಕೆ ಅಂಟಿಕೊಂಡಿದೆ. ಮುಂದೆ ಅವರ ಗತಿ ಏನು ಅನ್ನುವುದನ್ನು ಅಕ್ಕ ಇರುವಾಗಲೇ, ಸರಿಯಾದ ಸಾಲಿಸಿಟರ್ ಹತ್ತಿರ ಕೂತು ಮಾತಾಡಬೇಕು. ಕಷ್ಟದ ಮಾತು, ಗೊತ್ತು. ಆಮೇಲೆ ಮಾತಾಡುವುದು ಇನ್ನೂ ಕಷ್ಟ.

ಬ್ಯಾಂಡ್ ಫೈವ್

ಮೇಲಿನವರು ಬರೆದ ಪಿಂಚಣಿ ವಿಷಯ ಎಲ್ಲರೂ ಇನ್ನೊಂದು ಸಲ ಓದಿ. ನಾನು ಬಂದ ಹೊಸದರಲ್ಲಿ ಪಿಂಚಣಿಯಿಂದ ಹೊರಗೆ ಬಂದಿದ್ದೆ. ತಿಂಗಳಿಗೆ ಸುಮಾರು 200 ಪೌಂಡ್ ಉಳಿಯುತ್ತಿತ್ತು, ಊರಿನ ಸಾಲ ತೀರಿಸಬೇಕಿತ್ತು. ಜೊತೆಗೆ ಬಂದವರಲ್ಲಿ ಸುಮಾರು ಜನ ಹಾಗೇ ಮಾಡಿದೆವು. ನನಗೂ ಎರಡು ಮಕ್ಕಳಿದ್ದಾರೆ. ಇವತ್ತು ಡ್ಯೂಟಿ ಮುಗಿಸಿ ಬಂದು ಮತ್ತೆ ಸೇರುವ ಫಾರ್ಮ್ ತುಂಬಿದೆ.

ಮಲೆನಾಡ ಮಾವ

ಮಗಳೇ, ನನ್ನದು ಹಳೇ ಕಾಲದ ಮಾತು ಅನಿಸಬಹುದು. ಆ ಹುಡುಗಿಯನ್ನು ಊರಿಗೆ ಕರೆತನ್ನಿ. ಹುಟ್ಟಿದ ಮಣ್ಣು, ಅಮ್ಮನ ಕೈ ಊಟ. ಅಲ್ಲಿ ಒಬ್ಬಳೇ ಯಾಕೆ ನರಳಬೇಕು? ನಮ್ಮ ಕಡೆ ನಾಟಿ ಔಷಧ ಕೊಡುವವರಿದ್ದಾರೆ. ನಾನೇ ಹೋಗಿ ತಂದು ಕೊರಿಯರ್ ಮಾಡುತ್ತೇನೆ, ದುಡ್ಡು ಬೇಡ. ಮತ್ತೆ ಆಕೆಗೆ ಎಲ್ಲವನ್ನೂ ಬಿಡಿಸಿ ಹೇಳಬೇಡಿ. ಧೈರ್ಯ ಕುಂದುತ್ತದೆ.

ನೈಟ್ ಡ್ಯೂಟಿ

ಮಾವ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ಹೇಳಬಾರದು ಅನ್ನುವುದಕ್ಕೆ ದಾರಿಯೇ ಇಲ್ಲ. ಸ್ಕ್ಯಾನ್ ರಿಪೋರ್ಟನ್ನು ಅವರೇ ಓದಿ ಭಾವನಿಗೆ ಅರ್ಥ ಹೇಳಿದ್ದು. ಹದಿನೆಂಟು ವರ್ಷದಿಂದ ನರ್ಸ್. ಎಷ್ಟೋ ಜನರ ಕೊನೇ ರಾತ್ರಿ ಕೈ ಹಿಡಿದು ಕೂತವರು. ಈಗ ಅವರ ಎದುರು ನಾವು ನಗುನಗುತ್ತಾ ಸುಳ್ಳು ಹೇಳಿದರೆ ಅವರು ನಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ.

ಬೆಂಗಳೂರಿನ ಡಾಕ್ಟರಮ್ಮ

ನಾನು ಬೆಂಗಳೂರಿನಲ್ಲಿ ಪ್ಯಾಲಿಯೇಟಿವ್ ವಿಭಾಗದ ಡಾಕ್ಟರ್. ಅಂದರೆ ಕಾಯಿಲೆ ವಾಸಿಯಾಗದಿದ್ದಾಗಲೂ ನೋವು, ಉಸಿರುಕಷ್ಟ, ವಾಂತಿ, ಭಯ ಇವನ್ನೆಲ್ಲ ಹಿಡಿತದಲ್ಲಿಡುವ ಕೆಲಸ.

ಮಲೆನಾಡ ಮಾವನವರೇ, ಲಿವರ್‌ಗೆ ಕ್ಯಾನ್ಸರ್ ಹಬ್ಬಿರುವಾಗ ಅದರಲ್ಲಿ ಏನಿದೆ ಅಂತ ಗೊತ್ತಿಲ್ಲದ ಯಾವುದನ್ನೂ ಕೊಡಬಾರದು. ಕೀಮೋ ಔಷಧವನ್ನೂ ಎಷ್ಟೋ ಸಲ ಅದೇ ಲಿವರ್ ಕರಗಿಸಬೇಕು. ನೀವು ಏನಾದರೂ ಕಳಿಸಲೇಬೇಕು ಅಂದರೆ ಮನೆಯ ಕುಚ್ಚಲಕ್ಕಿ ಕಳಿಸಿ, ಅದು ಅವರ ಹೊಟ್ಟೆಗೆ ಹಿಡಿಸುತ್ತದೆ.

ಊರಿಗೆ ಬರುವುದೋ ಅಲ್ಲೇ ಇರುವುದೋ ಅನ್ನುವುದನ್ನು ಅವರು ಹೇಳಬೇಕು, ನಾವಲ್ಲ. ಬರುವ ಮನಸ್ಸಿದ್ದರೆ ತಡ ಮಾಡಬಾರದು. ಲಂಡನ್ನಿನಿಂದ ಬೆಂಗಳೂರಿಗೆ ಹತ್ತು ಗಂಟೆಯ ವಿಮಾನ. ಇಂಥ ಪ್ರಯಾಣಕ್ಕೆ ವಿಮಾನ ಕಂಪನಿಯವರು ಡಾಕ್ಟರ ಕೈಲಿ ಫಾರ್ಮ್ ಬರೆಸಿ ಕೇಳುತ್ತಾರೆ. ನೋವಿನ ಮಾತ್ರೆಗಳ ಜೊತೆ ಡಾಕ್ಟರ ಪತ್ರ ಕೈಚೀಲದಲ್ಲೇ ಇರಬೇಕು. ಇನ್ನು ಎರಡು ತಿಂಗಳು ಕಳೆದರೆ ಅದು ಆಗದೇ ಹೋಗಬಹುದು. ಇಲ್ಲಿ ಬೆಂಗಳೂರಿನಲ್ಲಿ ಕರುಣಾಶ್ರಯ ಅನ್ನುವ ಹಾಸ್ಪಿಸ್, ಅಂದರೆ ವಾಸಿಯಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆ ಇದೆ. ಬೆಂಗಳೂರು ಹಾಸ್ಪಿಸ್ ಟ್ರಸ್ಟ್ 1994ರಲ್ಲಿ ಶುರುವಾಗಿ ಕಟ್ಟಿದ್ದು, ಕ್ಯಾನ್ಸರ್ ಮುಂದುವರಿದವರಿಗೆ ಉಚಿತವಾಗಿ ನೋಡಿಕೊಳ್ಳುತ್ತಾರೆ. ಮಣಿಪಾಲದಲ್ಲೂ ಪ್ಯಾಲಿಯೇಟಿವ್ ವಿಭಾಗ ಇದೆ, ಬೆಳ್ತಂಗಡಿಗೆ ಹತ್ತಿರ. ಅಲ್ಲೇ ಉಳಿಯುವುದಾದರೆ ಬ್ರಿಟನ್ನಿನ ಹಾಸ್ಪಿಸ್‌ಗಳೂ ಹಣ ಕೇಳುವುದಿಲ್ಲ. ಹಾಸ್ಪಿಸ್ ಅಂದ ತಕ್ಷಣ ಸಾಯುವ ಜಾಗ ಅಂದುಕೊಳ್ಳಬೇಡಿ. ನೋವು ಸರಿಮಾಡಿಸಿಕೊಂಡು ಮನೆಗೆ ವಾಪಸ್ ಹೋಗುವವರು ತುಂಬಾ ಜನ.

ಒಂದು ಕಥೆ ಹೇಳಲೇಬೇಕು. ಹಾಸ್ಪಿಸ್ ಅನ್ನುವುದು ಇವತ್ತಿನ ರೂಪಕ್ಕೆ ಬಂದಿದ್ದು ಸಿಸಿಲಿ ಸಾಂಡರ್ಸ್ ಅನ್ನುವ ಇಂಗ್ಲಿಷ್ ಮಹಿಳೆಯಿಂದ. ಮೊದಲು ನರ್ಸ್. ಬೆನ್ನು ನೋವಿನಿಂದಲೇ ಆ ಕೆಲಸ ಬಿಡಬೇಕಾಗಿ ಬಂತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. 1948ರಲ್ಲಿ ಅವರು ಲಂಡನ್ನಿನ ಒಂದು ವಾರ್ಡಿನಲ್ಲಿ ಡೇವಿಡ್ ಟಾಸ್ಮಾ ಅನ್ನುವವರ ಪಕ್ಕ ದಿನಗಟ್ಟಲೆ ಕೂತರು. ಪೋಲೆಂಡಿನಿಂದ ಬಂದ ಯಹೂದಿ, ಹೋಟೆಲಿನಲ್ಲಿ ವೇಟರ್, ವಯಸ್ಸು ನಲವತ್ತರ ಆಸುಪಾಸು, ಕ್ಯಾನ್ಸರ್. ನನ್ನವರು ಅನ್ನುವವರು ಆ ದೇಶದಲ್ಲಿ ಯಾರೂ ಇಲ್ಲ. ಇಂಥವರಿಗೆ ಒಂದು ಮನೆ ಇದ್ದರೆ ಹೇಗಿರುತ್ತದೆ ಅಂತ ಇಬ್ಬರೂ ಮಾತಾಡುತ್ತಿದ್ದರಂತೆ. ಸಾಯುವಾಗ ಅವರು ತಮ್ಮ 500 ಪೌಂಡನ್ನು ಸಾಂಡರ್ಸ್‌ಗೆ ಬಿಟ್ಟುಹೋದರು, ನಿಮ್ಮ ಆ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಅಂತ. ಸಾಂಡರ್ಸ್ ಆಮೇಲೆ ಮೆಡಿಸಿನ್ ಓದಿ ಡಾಕ್ಟರಾದರು. 1967ರಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪಿಸ್ ತೆರೆದರು. ಆ ಕಿಟಕಿ ಅಲ್ಲಿದೆ.

ವಲಸೆ ಬಂದ ಒಬ್ಬ ರೋಗಿ, ನರ್ಸ್ ಆಗಿದ್ದ ಒಬ್ಬ ಹೆಂಗಸು. ಇವರಿಬ್ಬರ ಮಾತಿನಿಂದ ಹುಟ್ಟಿದ ವ್ಯವಸ್ಥೆ ಇದು. ನಿಮ್ಮ ಅಕ್ಕನಿಗೆ ಅಲ್ಲಿ ಹೋಗಲು ಸಂಕೋಚ ಬೇಡ ಅಂತ ಹೇಳಿ.

ಮಲೆನಾಡ ಮಾವ

ತಿಳಿಯಿತು ಡಾಕ್ಟರೇ. ನಾಟಿ ಔಷಧದ ಮಾತು ಬಿಟ್ಟೆ. ಅಕ್ಕಿ ಕಳಿಸುತ್ತೇನೆ, ವಿಳಾಸ ಖಾಸಗಿ ಮೆಸೇಜಿನಲ್ಲಿ ಹಾಕಮ್ಮ.

ಗಂಜಿ ಚಟ್ನಿ

ಊಟ ಕೊಡುವವರಿಗೆ ಕೆಲವು ಮಾತು. ನನ್ನ ಅತ್ತಿಗೆಗೆ ಇದೇ ಕಾಯಿಲೆ ಇತ್ತು, ನಾನೇ ಅಡುಗೆ ಮಾಡುತ್ತಿದ್ದೆ.

ಪ್ಯಾಂಕ್ರಿಯಾಸ್ ಕೆಲಸ ನಿಲ್ಲಿಸಿದರೆ ತಿಂದದ್ದು ಜೀರ್ಣ ಆಗುವುದಿಲ್ಲ. ಅದಕ್ಕೆ ಕ್ರಿಯಾನ್ ಅಂತ ಕ್ಯಾಪ್ಸೂಲ್ ಕೊಡುತ್ತಾರೆ. ಅದನ್ನು ಊಟಕ್ಕೆ ಒಂದು ಗಂಟೆ ಮೊದಲೋ ಆಮೇಲೋ ಅಲ್ಲ, ಮೊದಲ ತುತ್ತಿನ ಜೊತೆಗೇ ನುಂಗಬೇಕು. ಹಾಲು, ಬಿಸ್ಕತ್ತು ತಗೊಂಡರೂ ಬೇಕು. ಅತ್ತಿಗೆ ಇದನ್ನು ಮರೆತ ದಿನ ಎಷ್ಟೇ ತಿಂದರೂ ಮೈಗೆ ಹತ್ತುತ್ತಿರಲಿಲ್ಲ, ಹೊಟ್ಟೆ ಕಿವುಚುತ್ತಿತ್ತು. ನಾವು ತಟ್ಟೆಯ ಅಂಚಲ್ಲೇ ಕ್ಯಾಪ್ಸೂಲ್ ಇಟ್ಟು ಬಡಿಸುತ್ತಿದ್ದೆವು. ಹಂದಿಯಿಂದ ಮಾಡುವ ಔಷಧ ಅದು. ಕೆಲವರಿಗೆ ಮನಸ್ಸು ಒಪ್ಪದಿರಬಹುದು, ಮೊದಲೇ ಮಾತಾಡಿಕೊಳ್ಳಿ.

ಕೀಮೋದಲ್ಲಿ ಆಕ್ಸಾಲಿಪ್ಲಾಟಿನ್ ಇದ್ದರೆ ತಣ್ಣಗಿನದು ಮುಟ್ಟುವ ಹಾಗಿಲ್ಲ. ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ, ತಣ್ಣೀರು ಕುಡಿದರೆ ಗಂಟಲು ಬಿಗಿಯುತ್ತದೆ. ಅತ್ತಿಗೆ ಫ್ರಿಜ್ ಬಾಗಿಲು ತೆಗೆಯಲು ಕೈಗವಸು ಹಾಕುತ್ತಿದ್ದರು. ಅವರು ಒಬ್ಬರೇ ಇರುವ ಹೊತ್ತಿಗೆ ಊಟ ಕೊಟ್ಟರೆ ಫ್ರಿಜ್‌ನಲ್ಲಿಟ್ಟು ಬರಬೇಡಿ. ಹಾಟ್‌ಬಾಕ್ಸಿನಲ್ಲಿ ಹಾಕಿ ಟೇಬಲ್ ಮೇಲಿಡಿ.

ಮತ್ತೆ ಒಗ್ಗರಣೆ ಅವರ ಮನೆಯಲ್ಲಿ ಬೇಡ. ಸಾಸಿವೆ ಇಂಗಿನ ವಾಸನೆಗೇ ವಾಂತಿ ಬರುತ್ತದೆ. ನಿಮ್ಮ ಮನೆಯಲ್ಲಿ ಮಾಡಿ ತನ್ನಿ, ಸ್ವಲ್ಪ ತನ್ನಿ. ದೊಡ್ಡ ತಟ್ಟೆ ನೋಡಿದರೇ ಅವರಿಗೆ ಸುಸ್ತು. ಕಾಫಿ ಬಟ್ಟಲಿನಲ್ಲಿ ನಾಲ್ಕು ಚಮಚ ಗಂಜಿ ಸಾಕು.

ಲೆಸ್ಟರ್ ಕನ್ನಡಿಗ

ಹಣದ ವಿಷಯ ಯಾರೂ ಎತ್ತಿಲ್ಲ. ಆನ್‌ಲೈನ್‌ನಲ್ಲಿ ಹಣ ಎತ್ತುವ ಗೋಫಂಡ್‌ಮಿ ಶುರು ಮಾಡಬಹುದಲ್ವಾ? ನಮ್ಮ ಕಡೆಯ ಗುಂಪುಗಳಲ್ಲಿ ಹಂಚಿದರೆ ಒಂದೇ ವಾರದಲ್ಲಿ ಒಳ್ಳೆ ಮೊತ್ತ ಆಗುತ್ತದೆ. ಆದರೆ ಫೋಟೋ ಇಲ್ಲದೆ, ಹೆಸರಿಲ್ಲದೆ ಜನ ನಂಬುವುದಿಲ್ಲ. ಅದು ವಾಸ್ತವ.

ಹಾಸನದ ಮಗಳು

ನಂಬದವರು ಕೊಡುವುದು ಬೇಡ ಅಣ್ಣ. ಆಕೆ ಒಮ್ಮೆ ಬೇಡ ಅಂದಾಯ್ತು. ನನ್ನ ಯಜಮಾನರ ಹೆಸರಲ್ಲೂ ಹಣ ಎತ್ತಿದ್ದರು. ಎಷ್ಟು ಬಂತು, ಯಾರು ಇಟ್ಟುಕೊಂಡರು ಅಂತ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಆಮೇಲೆ ನಾನು ಮಕ್ಕಳಿಗೆ ಹೊಸ ಬಟ್ಟೆ ತಂದರೂ ಜನ ನೋಡುವ ರೀತಿ ಬೇರೆ ಇತ್ತು.

ಯೂನಿಯನ್ ರೆಪ್

ಮೊದಲು ಅವರ ಹಕ್ಕಿನ ಹಣ ಬರಲಿ. ಆಮೇಲೆ ನರ್ಸ್‌ಗಳಿಗಾಗಿಯೇ ಇರುವ ಸಂಸ್ಥೆಗಳನ್ನು ಕೇಳಿ. ಕ್ಯಾವೆಲ್ ಅನ್ನುವ ಸಂಸ್ಥೆ ಕಷ್ಟದಲ್ಲಿರುವ ನರ್ಸ್, ಮಿಡ್‌ವೈಫ್, ಹೆಲ್ತ್‌ಕೇರ್ ಅಸಿಸ್ಟೆಂಟ್‌ಗಳಿಗೆ ನೆರವು ಕೊಡುತ್ತದೆ. ಈಡಿತ್ ಕ್ಯಾವೆಲ್ ಹೆಸರಿನದು. ಆಕೆಯೂ ಪರದೇಶದಲ್ಲಿ ದುಡಿದ ನರ್ಸ್. ಬ್ರಸೆಲ್ಸ್‌ನಲ್ಲಿ ಸೈನಿಕರನ್ನು ಪಾರು ಮಾಡಿದ್ದಕ್ಕೆ 1915ರಲ್ಲಿ ಜರ್ಮನ್ನರು ಗುಂಡಿಟ್ಟು ಕೊಂದರು. ಆ ನಿಧಿ 1917ರಿಂದ ನಡೆಯುತ್ತಿದೆ. ಅಲ್ಲಿ ಕೇಳುವುದರಲ್ಲಿ ಅವಮಾನ ಏನಿಲ್ಲ, ನಮ್ಮಂಥವರಿಗಾಗಿಯೇ ಇಟ್ಟಿದ್ದು.

ಸ್ನೇಹಿತರು ಕೊಡುವುದಾದರೆ ನೇರ ಭಾವನ ಖಾತೆಗೆ ಹಾಕಿ. ಮಧ್ಯೆ ಯಾರ ಖಾತೆಯೂ ಬೇಡ.

ನೈಟ್ ಡ್ಯೂಟಿ

ಹದಿನೈದು ದಿನದ ಸುದ್ದಿ. ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ, ಈ ಥ್ರೆಡ್ಡನ್ನು ಅಕ್ಕನಿಗೆ ಓದಿ ಹೇಳಿದೆ. ಕಿಟಕಿಯ ಕಥೆಯನ್ನು ಎರಡು ಸಲ ಓದಿಸಿಕೊಂಡರು.

ಹಾಸನದ ಅಕ್ಕ ಹೇಳಿದ ಹಾಗೆ ಕೇಳಿದೆ. "ನಿಮಗೆ ಏನು ಬೇಕು?" ಅಂತ ಅಲ್ಲ, "ಯಾವುದು ನಿಮ್ಮನ್ನು ರಾತ್ರಿ ಎಬ್ಬಿಸುತ್ತದೆ?" ಅಂತ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಮಗ ಈಗೀಗ ಊಟಕ್ಕೆ ಕೂರುವುದಿಲ್ಲ, ರೂಮಿನಿಂದ ಹೊರಗೆ ಬರುವುದಿಲ್ಲ. ಮಗಳ ಜಡೆ ಹಾಕಲು ಅಪ್ಪನಿಗೆ ಬರುವುದಿಲ್ಲ. ಅಮ್ಮನನ್ನು ಒಮ್ಮೆ ನೋಡಬೇಕು. ಊರಿಗೆ ಹೋಗಲು ಮನಸ್ಸಿದೆ, ಆದರೆ ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ, ಅವರ ಸ್ಕೂಲು ಮಧ್ಯದಲ್ಲಿ ಕೀಳುವುದೂ ಬೇಡ. ಹಾಗಾಗಿ ಇಲ್ಲೇ.

ದೊಡ್ಡ ದೊಡ್ಡ ಯೋಜನೆ ಹಾಕಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಜಡೆ.

ನಮ್ಮ ವಾರ್ಡಿನ ಫಿಲಿಪೀನ್ಸ್‌ನ ಹುಡುಗಿಯೊಬ್ಬಳು ದಿನ ಬೆಳಿಗ್ಗೆ ಏಳೂವರೆಗೆ ನೈಟ್ ಮುಗಿಸಿ ಅವರ ಮನೆ ದಾರಿಯಲ್ಲೇ ಹೋಗುತ್ತಾಳೆ. ಅವಳೇ ಒಪ್ಪಿಕೊಂಡಳು. ಮೊದಲ ವಾರ ಅವಳು ಜಡೆ ಹಾಕಿದಳು. ಈಗ ಭಾವ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದಾರೆ. ಅಕ್ಕ ಹಾಸಿಗೆಯಿಂದ "ಬಲಗಡೆ ಸಡಿಲ ಆಯ್ತು ನೋಡಿ" ಅನ್ನುತ್ತಾರೆ.

ಅಮ್ಮನಿಗೆ ಪಾಸ್‌ಪೋರ್ಟೇ ಇಲ್ಲ. ಮಂಗಳೂರಿನ ಕಡೆ ಯಾರಾದರೂ ಇದ್ದೀರಾ?

ಕುಡ್ಲದ ಆಟೋ

ನಾನಿದ್ದೇನೆ. ಬೆಳ್ತಂಗಡಿಯಿಂದ ಅಮ್ಮನನ್ನು ನಾನೇ ಕರೆದುಕೊಂಡು ಬಂದು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ತತ್ಕಾಲ್ ಮಾಡಿಸುತ್ತೇನೆ. ಆಧಾರ್ ಕಾರ್ಡಿನಲ್ಲಿ ಹೆಸರು, ಹುಟ್ಟಿದ ದಿನ ಸರಿ ಇದೆಯಾ ಅಂತ ಇವತ್ತೇ ನೋಡಲು ಹೇಳಿ. ನಮ್ಮ ಕಡೆ ಹಿರಿಯರ ಕಾಗದದಲ್ಲಿ ಅದೇ ತಪ್ಪಿರುವುದು. ಆಮೇಲೆ ವೀಸಾಕ್ಕೆ ಬೆಂಗಳೂರಿಗೂ ನಾನೇ ಬಸ್ಸಿನಲ್ಲಿ ಜೊತೆಗೆ ಹೋಗುತ್ತೇನೆ. ನನ್ನ ಅಮ್ಮನಷ್ಟೇ ವಯಸ್ಸು.

ಯೂನಿಯನ್ ರೆಪ್

ವೀಸಾ ಅರ್ಜಿಯ ಜೊತೆ ಹಾಸ್ಪಿಸ್‌ನ ಡಾಕ್ಟರ ಪತ್ರ ಇರಲಿ. ಕಾಯಿಲೆ ಏನು, ಸಮಯ ಎಷ್ಟು ಕಡಿಮೆ ಅಂತ ನೇರವಾಗಿ ಬರೆದಿರಬೇಕು. ಖರ್ಚು ಯಾರು ನೋಡಿಕೊಳ್ಳುತ್ತಾರೆ, ಎಲ್ಲಿ ಉಳಿಯುತ್ತಾರೆ, ಯಾವಾಗ ವಾಪಸ್ ಹೋಗುತ್ತಾರೆ ಅನ್ನುವುದೂ ಇರಲಿ. ಸ್ವಲ್ಪ ಹೆಚ್ಚು ಕಟ್ಟಿದರೆ ಬೇಗ ತೀರ್ಮಾನ ಕೊಡುವ ವ್ಯವಸ್ಥೆ ಇದೆ, ಅದನ್ನೇ ಆರಿಸಿ.

ಮೇಷ್ಟ್ರು

ನಾನು ಇಲ್ಲಿಯ ಸೆಕೆಂಡರಿ ಸ್ಕೂಲಿನಲ್ಲಿ ಕಲಿಸುತ್ತೇನೆ. ಮಗ ರೂಮಿನಿಂದ ಹೊರಗೆ ಬರುತ್ತಿಲ್ಲ ಅಂದಿರಿ. 12 ವರ್ಷದ ಹುಡುಗನಿಗೆ ಎಲ್ಲವೂ ಗೊತ್ತಿರುತ್ತದೆ, ಯಾರೂ ಅವನ ಹತ್ತಿರ ಮಾತಾಡಿಲ್ಲ ಅಷ್ಟೇ. ಸ್ಕೂಲಿಗೆ ಮೊದಲು ತಿಳಿಸಿ. ವಿನ್‌ಸ್ಟನ್ಸ್ ವಿಶ್ ಅನ್ನುವ ಸಂಸ್ಥೆ 1992ರಿಂದ ಇಂಥ ಮಕ್ಕಳ ಜೊತೆಗೇ ಕೆಲಸ ಮಾಡುತ್ತಿದೆ, ತಂದೆತಾಯಿ ಇನ್ನೂ ಇರುವಾಗಲೇ ಮಕ್ಕಳಿಗೆ ಹೇಗೆ ಹೇಳಬೇಕು ಅಂತಲೂ ಸಲಹೆ ಕೊಡುತ್ತಾರೆ. "ಅಮ್ಮ ದೇವರ ಹತ್ತಿರ ಹೋಗುತ್ತಾರೆ", "ಮಲಗಿಬಿಡುತ್ತಾರೆ" ಅಂತ ಚಿಕ್ಕವಳಿಗೆ ಹೇಳಬೇಡಿ. ಆಮೇಲೆ ಆ ಮಗು ಮಲಗಲು ಹೆದರುತ್ತದೆ. ಸಾಯುವುದು ಅನ್ನುವ ಪದವನ್ನೇ ಬಳಸಿ, ಮೆಲ್ಲಗೆ.

ನೈಟ್ ಡ್ಯೂಟಿ

ತುಂಬಾ ದಿನ ಆಯ್ತು ಬರೆದು. ಅಮ್ಮ ಬಂದರು. ಕುಡ್ಲದ ಅಣ್ಣ, ನಿಮ್ಮ ಋಣ ಹೇಗೆ ತೀರಿಸುವುದೋ ಗೊತ್ತಿಲ್ಲ. ಏರ್‌ಪೋರ್ಟಿನಿಂದ ನೇರ ಹಾಸ್ಪಿಸ್‌ಗೆ ಬಂದರು. ಸೀರೆಯ ಮೇಲೆ ಯಾರದೋ ದೊಡ್ಡ ಜಾಕೆಟ್. ಒಳಗೆ ಬಂದವರೇ ಮಗಳ ಪಾದ ಮುಟ್ಟಿ ನೋಡಿ, ತಣ್ಣಗಿದೆ ಅಂತ ಎರಡೂ ಕೈಯಲ್ಲಿ ಉಜ್ಜುತ್ತಾ ಕೂತರು. ಒಂದು ಗಂಟೆ ಇಬ್ಬರೂ ಏನೂ ಮಾತಾಡಲಿಲ್ಲ.

ಕೀಮೋ ನಿಲ್ಲಿಸಿದ್ದಾರೆ. ಅಕ್ಕನದೇ ನಿರ್ಧಾರ. ಈಗ ಸಿರಿಂಜ್ ಡ್ರೈವರ್ ಹಾಕಿದ್ದಾರೆ. ಅಂಗೈಯಷ್ಟು ದೊಡ್ಡ ಪೆಟ್ಟಿಗೆ, 24 ಗಂಟೆಗೆ ಬೇಕಾದ ಮಾರ್ಫಿನ್ ಚರ್ಮದ ಕೆಳಗೆ ಮೆಲ್ಲಗೆ ಹೋಗುತ್ತಿರುತ್ತದೆ. ಸರಿಯಾಗಿ ಓಡುತ್ತಿದ್ದರೆ ಹಸಿರು ದೀಪ ಮಿನುಗುತ್ತದೆ. ಅಕ್ಕ ಬೇರೆಯವರಿಗೆ ಎಷ್ಟು ಸಲ ಹಾಕಿದ್ದಾರೋ. ಈಗ ನಿದ್ದೆಯಿಂದ ಎಚ್ಚರವಾದ ಕೂಡಲೇ ಮೊದಲು ಪೆಟ್ಟಿಗೆ ತಿರುಗಿಸಿ ದೀಪ ನೋಡುತ್ತಾರೆ. ಆಮೇಲೆ ನಮ್ಮನ್ನು ನೋಡುತ್ತಾರೆ. ಕೈಗೆ ಬಂದ ಅಭ್ಯಾಸ.

ಒಂದು ಸಣ್ಣ ವಿಷಯ, ಬೇರೆಯವರಿಗೂ ಉಪಯೋಗ ಆಗಬಹುದು. ಮಂಪರು ಜಾಸ್ತಿಯಾದಾಗ ಅವರು ಇಂಗ್ಲಿಷ್ ಬಿಟ್ಟು ತುಳುವಿಗೆ ಹೋಗುತ್ತಾರೆ. "ಬೇನೆ" ಅಂದರೆ ಅಲ್ಲಿಯ ನರ್ಸ್‌ಗಳಿಗೆ ಗೊತ್ತಾಗುತ್ತಿರಲಿಲ್ಲ. ಮಗ ಒಂದು ಹಾಳೆಯಲ್ಲಿ ದೊಡ್ಡದಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ. ಬೇನೆ ಅಂದರೆ ನೋವು. ಬಚ್ಚೆಲ್ ಅಂದರೆ ಆಯಾಸ. ನೀರ್ ಅಂದರೆ ನೀರು. ಕೊನೆಗೆ "ಸಂಕಟ" ಅಂತ ಬರೆದು ನನ್ನ ಮುಖ ನೋಡಿದ. ಅದಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯುವುದು? ಹೊಟ್ಟೆ ತೊಳಸುವುದೂ ಸಂಕಟ, ಮನಸ್ಸಿನದೂ ಸಂಕಟ. "ಅಮ್ಮ ಇದನ್ನು ಹೇಳಿದರೆ ನನ್ನನ್ನು ಕರೆಯಿರಿ" ಅಂತ ಬರೆದ. ರೂಮಿನಿಂದ ಹೊರಗೆ ಬರುತ್ತಿರಲಿಲ್ಲ ಅಂದೆನಲ್ಲ, ಅದೇ ಹುಡುಗ.

ಬೆಂಗಳೂರಿನ ಡಾಕ್ಟರಮ್ಮ

ಆ ಹಾಳೆಯ ವಿಷಯ ನಾಳೆ ನಮ್ಮ ವಿಭಾಗದಲ್ಲಿ ಹೇಳುತ್ತೇನೆ. ನಮ್ಮಲ್ಲೂ ಒಡಿಶಾದಿಂದ, ಬಂಗಾಳದಿಂದ ದುಡಿಯಲು ಬಂದವರು ಕನ್ನಡ ಬಾರದೆ ಮಲಗಿರುತ್ತಾರೆ. ಅವರ ಹಾಸಿಗೆಯ ಪಕ್ಕದ ಗೋಡೆಯಲ್ಲೂ ಹೀಗೊಂದು ಇರಬೇಕಿತ್ತು.

ನೈಟ್ ಡ್ಯೂಟಿ

ಅಕ್ಕ ಮೊನ್ನೆ ಬೆಳಗಿನ ಜಾವ ಹೋದರು. ಅಮ್ಮ, ಭಾವ ಪಕ್ಕದಲ್ಲಿದ್ದರು. ನೋವು ಇರಲಿಲ್ಲ.

ದೇಹವನ್ನು ಊರಿಗೆ ಕಳಿಸಬೇಕಾ ಅಂತ ಕೆಲವರು ಕೇಳಿದ್ದಾರೆ. ಅದಕ್ಕೆ ಭಾರತದ ಹೈಕಮಿಷನ್‌ನಲ್ಲಿ ಸಮುದಾಯ ಕಲ್ಯಾಣ ನಿಧಿ ಇದೆ, ಕಷ್ಟದಲ್ಲಿರುವವರಿಗೆ ಸಹಾಯ ಸಿಗುತ್ತದೆ ಅಂತ ಇಲ್ಲಿ ಓದುವ ಎಲ್ಲರಿಗೂ ಗೊತ್ತಿರಲಿ. ಆದರೆ ಅಕ್ಕ ಮೊದಲೇ ಬರೆದಿಟ್ಟಿದ್ದರು. ದಹನ ಇಲ್ಲೇ, ವಾರ್ಡಿನವರೆಲ್ಲ ಬರುವ ಹಾಗೆ. ಬೂದಿ ಅಮ್ಮನ ಜೊತೆ ಹೋಗಿ ನೇತ್ರಾವತಿಗೆ. ಪ್ರಮಾಣಪತ್ರಗಳ ಕೆಲಸ ಯೂನಿಯನ್ ಅಣ್ಣನೇ ಮುಂದೆ ನಿಂತು ನೋಡುತ್ತಿದ್ದಾರೆ.

ಮಲೆನಾಡ ಮಾವ

ಅಕ್ಕಿ ತಲುಪಿತ್ತಾ ಮಗಳೇ?

ನೈಟ್ ಡ್ಯೂಟಿ

ತಲುಪಿತ್ತು ಮಾವ. ಅಮ್ಮ ಅದರಲ್ಲೇ ಗಂಜಿ ಮಾಡಿ ತಂದಿದ್ದರು. ಮೂರು ಚಮಚ ಕುಡಿದರು. ಉಪ್ಪು ಸ್ವಲ್ಪ ಬೇಕು ಅಂದರು.

ನೈಟ್ ಡ್ಯೂಟಿ

ಎರಡು ತಿಂಗಳಾಯಿತು. ಹಾಸನದ ಅಕ್ಕ ಎರಡನೇ ತಿಂಗಳ ಬಗ್ಗೆ ಬರೆದದ್ದು ನೆನಪಿದೆ, ಅದಕ್ಕೇ ಇದನ್ನು ಮತ್ತೆ ಮೇಲೆ ತರುತ್ತಿದ್ದೇನೆ.

ಪಿಂಚಣಿಯವರ ಹಣ ಬಂದಿದೆ. ಭಾವನ ವೀಸಾದ ವಿಷಯ ಸಾಲಿಸಿಟರ್ ಹತ್ತಿರ ನಡೆಯುತ್ತಿದೆ, ಇನ್ನೂ ತೀರ್ಮಾನ ಆಗಿಲ್ಲ. ಈ ವರ್ಷದ ಸ್ಕೂಲು ಮುಗಿಯುವವರೆಗಾದರೂ ಮಕ್ಕಳು ಇಲ್ಲಿರಬೇಕು ಅಂತ ಆಸೆ. ಜಡೆ ಈಗ ಭಾವನೇ ಹಾಕುತ್ತಾರೆ, ಬಲಗಡೆ ಇನ್ನೂ ಸಡಿಲ.

ಅಡುಗೆ ಸಾಕು, ಯಾರೂ ಕಳಿಸಬೇಡಿ. ಬೇಕಾಗಿರುವುದು ಇಷ್ಟು. ಗುರುವಾರ ನನಗೆ ಲಾಂಗ್ ಡೇ, ಅಂದರೆ ಇಡೀ ದಿನದ ಡ್ಯೂಟಿ ಬಿದ್ದಿದೆ. ಪಾಪುವಿನ ಈಜು ಕ್ಲಾಸು ಐದೂವರೆಗೆ ಮುಗಿಯುತ್ತದೆ. ಕೂದಲು ಒರೆಸಿ, ಬೆಚ್ಚಗೆ ಟೋಪಿ ಹಾಕಿ ಮನೆಗೆ ಬಿಡಬೇಕು. ಯಾರಿಗಾದರೂ ಆಗುತ್ತದಾ?

ಬ್ಯಾಂಡ್ ಫೈವ್

ನಾನು ಹೋಗುತ್ತೇನೆ. ಮುಂದಿನ ಗುರುವಾರವೂ ನನ್ನ ಹೆಸರೇ ಬರೆದುಕೊಳ್ಳಿ.